ನಮ್ಮೂರಿಗೆ ಸ್ವಾತಂತ್ರ್ಯ ಬಂದ ದಿನಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ದಾವಣಗೆರೆಯವಳು. 38 ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾಗಿದ್ದೇನೆ. ಊರವರ ಎಷ್ಟೋ ಪತ್ರಗಳಿಗೆ ಠಸ್ಸೆ ಹೊಡೆದಿದ್ದೇನೆ, ಆದರೆ ಪತ್ರಿಕೆಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಮಗನ ಮಗ ಏಳನೇ ಕ್ಲಾಸು. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಭಾಷಣ ಮಾಡಲು ಹೆಸರು ಕೊಟ್ಟಿದ್ದಾನೆ. ಯಾರದೋ ಭಾಷಣ ಬಾಯಿಪಾಠ ಮಾಡುವುದು ಬೇಡ, ನಮ್ಮೂರಿನ ವಿಷಯ ಹೇಳು ಅಂತ ನಾನೇ ಹೇಳಿದ್ದೆ. ಎರಡು ದಿನ ನನ್ನ ಪಕ್ಕ ಕೂತು, ಕೇಳಿ ಕೇಳಿ ಒಂದೂವರೆ ಪುಟ ಬರೆದ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ನಮ್ಮ ದಾವಣಗೆರೆಗೆ ಜನರ ಸರ್ಕಾರ ಬಂದಿದ್ದು 1947ರ ಅಕ್ಟೋಬರ್ ತಿಂಗಳಲ್ಲಿ.’ ಆ ಸಾಲಿನ ಕೆಳಗೆ ಶಾಲೆಯಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ತಪ್ಪು. ಆಗಸ್ಟ್ 15’ ಅಂತ ಬರೆದು ಕಳಿಸಿದರು. ಹುಡುಗ ಪುಸ್ತಕ ತಂದು ನನ್ನ ಮುಂದೆ ಹಿಡಿದ. ಏನೂ ಮಾತಾಡಲಿಲ್ಲ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ನಾನೇ ಶಾಲೆಗೆ ಹೋದೆ. ಮೇಷ್ಟ್ರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ನನಗೆ ಕುರ್ಚಿ ಹಾಕಿ ಕೂರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಕೊನೆಗೆ, ‘ಇರಬಹುದು ಅಮ್ಮ, ಆದರೆ ಇದನ್ನೆಲ್ಲ ಹೇಳಿದರೆ ಮಕ್ಕಳಿಗೆ ಗೊಂದಲ ಆಗುತ್ತೆ. ಪರೀಕ್ಷೆಯಲ್ಲಿ ಏನು ಬರೀತಾವೆ?’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಚಿಕ್ಕವರಿದ್ದಾಗ ಯಾರೂ ಇದನ್ನು ಹೇಳಿರಲಿಕ್ಕಿಲ್ಲ. ಆದರೆ ಆ ‘ಗೊಂದಲ’ ಅನ್ನುವ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ನಿಜ ಹೇಳಬೇಕೆಂದರೆ ಹೋದ ವರ್ಷದವರೆಗೆ ನಾನೂ ಇದನ್ನು ಅಷ್ಟಾಗಿ ಯೋಚಿಸಿದವಳಲ್ಲ. ಯೋಚಿಸುವ ಹಾಗೆ ಮಾಡಿದ್ದು ದೂರದ ಇನ್ನೊಂದು ದೇಶದ ಹಬ್ಬ.

ಮಗಳ ಬಾಣಂತನಕ್ಕೆ ಅಂತ ಕೆನಡಾಕ್ಕೆ ಹೋಗಿದ್ದೆ. ಟೊರಾಂಟೊದಿಂದ ಒಂದು ಗಂಟೆ ದಾರಿಯ ಊರು. ಕೂಸಿಗೆ ಐದು ವಾರ ಆಗಿದ್ದಾಗ ಜುಲೈ 1 ಬಂತು. ಅಲ್ಲಿ ಅದು ರಾಷ್ಟ್ರೀಯ ಹಬ್ಬ, ಕೆನಡಾ ಡೇ. ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಎಲ್ಲರದ್ದೂ ಕೆಂಪು ಬಿಳಿ ಅಂಗಿ. ಕೂಸಿನ ಗಾಡಿಗಳಿಗೂ ಮೇಪಲ್ ಎಲೆಯ ಪುಟ್ಟ ಬಾವುಟ. ಪಾರ್ಕಿನಲ್ಲಿ ನಮ್ಮ ಮನೆಯ ಹಾಲ್‌ನಷ್ಟು ಉದ್ದದ ಮೇಜಿನ ಮೇಲೆ ಕೇಕು ಇಟ್ಟು ಬಂದವರಿಗೆಲ್ಲ ಹಂಚುತ್ತಿದ್ದರು. ಅಲ್ಲಿ ಆ ಕಾಲದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತಕ್ಕೆ. ಹಾಗಾಗಿ ಪಟಾಕಿ ಹತ್ತು ಗಂಟೆ ಮೇಲೆ.

ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ದಂಪತಿ. ಯಜಮಾನರು ಎಪ್ಪತ್ತರ ಹತ್ತಿರದವರು, ಗಿಡಗಳಿಗೆ ನೀರು ಹಾಕುತ್ತಾ ದಿನಾ ಮಾತಾಡಿಸುತ್ತಿದ್ದರು. ಆ ದಿನ ನಾನು ಮಗಳ ಕೈಲಿ ಕೇಳಿಸಿದೆ, ‘ಬ್ರಿಟಿಷರು ನಿಮ್ಮನ್ನು ಬಿಟ್ಟು ಹೋಗಿದ್ದು ಇವತ್ತೇನಾ?’ ಅವರು ನೀರಿನ ಪೈಪು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ಅಂಥ ಒಂದು ದಿನ ಅಂತ ನಮಗೆ ಇಲ್ಲ ಅಂದರು. ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದರು. ಮಗಳು ಕನ್ನಡದಲ್ಲಿ ಹೇಳಿದ್ದನ್ನು ನಾನು ರಾತ್ರಿ ಡೈರಿಯಲ್ಲಿ ಬರೆದುಕೊಂಡೆ. ತಾರೀಖು ಕಂಡರೆ ಬರೆದಿಟ್ಟುಕೊಳ್ಳುವುದು ಅಂಚೆ ಕಚೇರಿಯಲ್ಲಿ ಕಲಿತ ಅಭ್ಯಾಸ.

1867ರ ಜುಲೈ 1ರಂದು ಅಲ್ಲಿನ ಮೂರು ವಸಾಹತುಗಳು ಸೇರಿ ಒಂದು ದೇಶ ಆಯಿತಂತೆ. ಪ್ರಾಂತ್ಯ ನಾಲ್ಕು. ರಾಜಧಾನಿ ಆಟವಾದಲ್ಲಿ ಅವರದೇ ಪಾರ್ಲಿಮೆಂಟು, ಅವರದೇ ಪ್ರಧಾನಿ. ಆದರೆ ಯುದ್ಧ, ಹೊರದೇಶದ ವ್ಯವಹಾರ ಎಲ್ಲ ಲಂಡನ್ನಿನ ಕೈಲೇ ಉಳಿಯಿತು. 1914ರಲ್ಲಿ ಬ್ರಿಟನ್ ಯುದ್ಧ ಘೋಷಿಸಿದಾಗ ಕೆನಡಾವನ್ನು ಯಾರೂ ಕೇಳಲೇ ಇಲ್ಲ, ಅದೂ ಯುದ್ಧದಲ್ಲಿದ್ದಂತೆಯೇ ಲೆಕ್ಕ. 1923ರಲ್ಲಿ ಮೊದಲ ಸಲ ಬ್ರಿಟಿಷರ ಸಹಿ ಇಲ್ಲದೆ ಅಮೆರಿಕದ ಜೊತೆ ಅವರೇ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದೂ ಮೀನು ಹಿಡಿಯುವ ವಿಷಯಕ್ಕೆ! 1931ರಲ್ಲಿ ಲಂಡನ್ ಪಾರ್ಲಿಮೆಂಟಿನ ಒಂದು ಕಾನೂನಿನಿಂದ ತಮ್ಮ ಕಾನೂನು ತಾವೇ ಮಾಡಿಕೊಳ್ಳುವ ಅಧಿಕಾರ ಸಿಕ್ಕಿತು. 1939ರಲ್ಲಿ ಮತ್ತೆ ಯುದ್ಧ ಬಂತು. ಬ್ರಿಟನ್ ಸೆಪ್ಟೆಂಬರ್ 3ಕ್ಕೆ ಘೋಷಿಸಿತು. ಕೆನಡಾ ತನ್ನ ಪಾರ್ಲಿಮೆಂಟಿನಲ್ಲಿ ಚರ್ಚೆ ಮಾಡಿ ಸೆಪ್ಟೆಂಬರ್ 10ಕ್ಕೆ ಘೋಷಿಸಿತು. ಆ ಒಂದು ವಾರ ನಮಗೆ ತುಂಬಾ ದೊಡ್ಡದು ಅಂದರು ಆ ಯಜಮಾನರು.

ಕೆನಡಾ ಪೌರತ್ವ ಅಂತ ಒಂದು ಬಂದಿದ್ದೇ 1947ರ ಜನವರಿ 1ಕ್ಕೆ. ಅಲ್ಲಿಯವರೆಗೆ ಅವರೆಲ್ಲ ಕಾನೂನಿನ ಲೆಕ್ಕದಲ್ಲಿ ಬ್ರಿಟಿಷ್ ಪ್ರಜೆಗಳು. ಅದೇ 1947ರಲ್ಲೇ ಅಲ್ಲಿ ನೆಲೆಸಿದ್ದ ಭಾರತೀಯರಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು. ನನ್ನ ಮೊಮ್ಮಗಳು ಹುಟ್ಟಿದ ದೇಶ ನೋಡಿ, ಇದನ್ನು ಎರಡು ಸಲ ಕೇಳಿ ಬರೆದುಕೊಂಡೆ.

ಬಾವುಟದ ವಿಷಯ ಮಾತ್ರ ಅವರು ಕಣ್ಣಾರೆ ಕಂಡಿದ್ದು. 1965ರ ಫೆಬ್ರವರಿ 15. ಅವರಿಗೆ ಆಗ ಹತ್ತು ವರ್ಷ. ಮೈ ಕೊರೆಯುವ ಚಳಿಯಲ್ಲಿ ಮಕ್ಕಳನ್ನೆಲ್ಲ ಶಾಲೆಯ ಅಂಗಳದಲ್ಲಿ ನಿಲ್ಲಿಸಿದ್ದರಂತೆ. ಮೂಲೆಯಲ್ಲಿ ಬ್ರಿಟಿಷರ ಗುರುತು ಇದ್ದ ಹಳೆಯ ಕೆಂಪು ಬಾವುಟ ಕೆಳಗಿಳಿಯಿತು, ಮೇಪಲ್ ಎಲೆಯದ್ದು ಮೇಲೆ ಹೋಯಿತು. ಹಳೆಯದನ್ನು ಮಡಿಚುವಾಗ ಅವರ ಮೇಷ್ಟ್ರು ಅಳುತ್ತಿದ್ದರಂತೆ. ಆ ಮೇಷ್ಟ್ರು ಅದೇ ಬಾವುಟದ ಕೆಳಗೆ ಯುದ್ಧಕ್ಕೆ ಹೋಗಿ ಬಂದವರು. ‘ನನಗೆ ಖುಷಿ, ಅವರಿಗೆ ದುಃಖ. ಎರಡೂ ನಿಜ’ ಅಂದರು ಯಜಮಾನರು.

ಎಲ್ಲಕ್ಕಿಂತ ಕೊನೆಯದು 1982. ತಮ್ಮ ಸಂವಿಧಾನವನ್ನು ತಿದ್ದಬೇಕಾದರೆ ಅಲ್ಲಿಯವರೆಗೂ ಲಂಡನ್ನಿಗೇ ಹೋಗಬೇಕಿತ್ತು. ಆ ವರ್ಷದ ಏಪ್ರಿಲ್ 17ರಂದು ಎಲಿಜಬೆತ್ ರಾಣಿ ಆಟವಾಕ್ಕೆ ಬಂದು, ಬಯಲಿನಲ್ಲಿ ಮೇಜು ಹಾಕಿಸಿಕೊಂಡು ಸಹಿ ಹಾಕಿದರು. ಆ ದಿನ ಮಳೆ. ಹನಿ ಬಿದ್ದು ಕಾಗದದ ಮೇಲೆ ಶಾಯಿ ಕಲೆಯಾಗಿದೆ, ಆ ಕಲೆ ಇವತ್ತಿಗೂ ಇದೆ. ಕ್ವಿಬೆಕ್ ಪ್ರಾಂತ್ಯದವರು ಆಗ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ‘ಡೊಮಿನಿಯನ್ ಡೇ’ (ಡೊಮಿನಿಯನ್ ಅಂದರೆ ತನ್ನದೇ ಸರ್ಕಾರ ಇದ್ದರೂ ಬ್ರಿಟನ್ನಿನ ರಾಜನನ್ನೇ ರಾಜ ಅಂತ ಇಟ್ಟುಕೊಂಡ ದೇಶ) ಅಂತಿದ್ದ ಹಬ್ಬಕ್ಕೆ ‘ಕೆನಡಾ ಡೇ’ ಅಂತ ಹೆಸರಾಗಿದ್ದೂ ಅದೇ ವರ್ಷ. 1867ರಿಂದ 1982. ಲೆಕ್ಕ ಹಾಕಿ, 115 ವರ್ಷ. ಈಗಲೂ ಅವರ ನಾಣ್ಯದ ಮೇಲೆ ರಾಜವಂಶದವರದೇ ತಲೆ.

ಇನ್ನೊಂದು ವಿಷಯ ಹೇಳಲೇಬೇಕು. ಆ ಯಜಮಾನರ ಹೆಂಡತಿ ಬೆಳಿಗ್ಗೆ ಕೆಂಪು ಅಂಗಿ ಹಾಕಿರಲಿಲ್ಲ. ಎದೆಯ ಹತ್ತಿರ ಒಂದು ಪುಟ್ಟ ನೀಲಿ ಹೂವು ಚುಚ್ಚಿಕೊಂಡಿದ್ದರು. ಅವರು ನ್ಯೂಫೌಂಡ್‌ಲ್ಯಾಂಡ್‌ನವರು. ಆ ದ್ವೀಪ ಕೆನಡಾಕ್ಕೆ ಸೇರಿದ್ದೇ 1949ರಲ್ಲಿ. 1916ರ ಜುಲೈ 1ರಂದು ಫ್ರಾನ್ಸಿನ ಒಂದು ಹಳ್ಳಿಯ ಹತ್ತಿರ ಅವರ ಸೈನ್ಯದ ಸುಮಾರು 800 ಹುಡುಗರು ಯುದ್ಧಕ್ಕೆ ನುಗ್ಗಿದರು. ಮಾರನೇ ಬೆಳಿಗ್ಗೆ ಹಾಜರಿ ಕರೆದಾಗ ‘ಇದ್ದೇನೆ’ ಅಂದವರು 68 ಮಂದಿ. ಹಾಗಾಗಿ ಆ ದ್ವೀಪದವರಿಗೆ ಜುಲೈ 1ರ ಬೆಳಿಗ್ಗೆ ಸತ್ತವರನ್ನು ನೆನೆಯುವ ಹೊತ್ತು. ಆಕೆ ಮಧ್ಯಾಹ್ನದವರೆಗೆ ನೀಲಿ ಹೂವು ಇಟ್ಟುಕೊಂಡಿದ್ದರು. ಸಂಜೆ ಅದನ್ನು ತೆಗೆದು, ಗಂಡನ ಜೊತೆ ಕೇಕು ತಿನ್ನಲು ಬಂದರು. ಆ ನೆಲದ ಮೂಲ ನಿವಾಸಿಗಳಲ್ಲಿ ಹಲವರು ಈ ಹಬ್ಬವನ್ನು ಮಾಡುವುದೇ ಇಲ್ಲ. ಅವರಲ್ಲಿ ಎಲ್ಲರಿಗೂ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದು 1960ರಲ್ಲಿ. ಅದನ್ನೂ ಆ ದಂಪತಿಯೇ ಹೇಳಿದರು, ಮುಚ್ಚಿಡಲಿಲ್ಲ.

ಇಷ್ಟೆಲ್ಲ ಕೇಳಿದಾಗ ನನಗೆ ಮೊದಲು ಅನಿಸಿದ್ದು, ಪಾಪ, ಇವರಿಗೆ ನಮ್ಮ ಹಾಗೆ ಒಂದು ದಿನ ಇಲ್ಲವಲ್ಲ ಅಂತ. ನಮಗೆ ಒಂದೇ ರಾತ್ರಿ, ಹನ್ನೆರಡು ಗಂಟೆ, ಮುಗಿಯಿತು. ಹಾಗಂದುಕೊಂಡೇ ಊರಿಗೆ ಬಂದೆ.

ಬಂದ ಮೇಲೆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಪ್ಪನ ಟ್ರಂಕು ಕೆಳಗಿಳಿಸಿದೆವು. ಅದರಲ್ಲಿ ಹಳೆಯ ಪಹಣಿ, ರೈಲು ಪಾಸು, ಅವರ ಕನ್ನಡಕದ ಡಬ್ಬಿ, ಇವುಗಳ ಕೆಳಗೆ ಒಂದು ಲಕೋಟೆ. ಚಹಾ ಬಣ್ಣಕ್ಕೆ ತಿರುಗಿದ ಕಾಗದ, ಒಂದು ಅಂಚು ಇಲಿ ತಿಂದಿದೆ. ಠಸ್ಸೆ ಅರ್ಧ ಮಸಿಯಾಗಿದ್ದರೂ ನನ್ನ ಕಣ್ಣಿಗೆ ಅದನ್ನು ಓದುವುದು ಕಷ್ಟವಲ್ಲ. 1948, ಫೆಬ್ರವರಿ. ನಮ್ಮ ಅಜ್ಜಿಯ ಅಣ್ಣ ರಾಣೆಬೆನ್ನೂರು ತಾಲ್ಲೂಕಿನ ತಮ್ಮ ಹಳ್ಳಿಯಿಂದ ದಾವಣಗೆರೆಗೆ ಬರೆದ ಕಾಗದ. ಒಳಗೆ ಪೆನ್ಸಿಲ್‌ನಲ್ಲಿ ಬರೆದ ನಾಲ್ಕೇ ಸಾಲು. ‘ಗಾಂಧಿ ಹೋದ ಸುದ್ದಿ ಕೇಳಿದಾಗಿಂದ ಮನ್ಯಾಗ ಯಾರೂ ಸರಿಯಾಗಿ ಉಂಡಿಲ್ಲ. ನೀವು ಹುಷಾರಾಗಿರ್ರಿ’ ಅಂತ.

ಆ ಲಕೋಟೆಯ ಮೇಲಿದ್ದ ಸ್ಟಾಂಪು ಆರನೇ ಜಾರ್ಜ್ ರಾಜನದು.

ನಾನು ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಒಳಗೆ ಗಾಂಧೀಜಿಗಾಗಿ ಅಳುತ್ತಿರುವ ಮನೆ. ಹೊರಗೆ ಇಂಗ್ಲೆಂಡಿನ ರಾಜನ ತಲೆ. ಅದೂ ಸ್ವಾತಂತ್ರ್ಯ ಬಂದು ಆರು ತಿಂಗಳಾದ ಮೇಲೆ. ಸ್ವತಂತ್ರ ಭಾರತದ ಮೊದಲ ಸ್ಟಾಂಪು 1947ರ ನವೆಂಬರ್ 21ಕ್ಕೇ ಬಂದಿತ್ತು. ಮೂರೂವರೆ ಆಣೆಯದ್ದು, ಅದರ ಮೇಲೆ ನಮ್ಮ ಬಾವುಟ, ‘ಜೈ ಹಿಂದ್’. ಆದರೆ ದಿನಬಳಕೆಗೆ ರಾಜನ ಸ್ಟಾಂಪುಗಳೇ ಓಡುತ್ತಿದ್ದವು. ದಿನಬಳಕೆಯ ಹೊಸ ಸ್ಟಾಂಪುಗಳು ಬಂದಿದ್ದು 1949ರ ಆಗಸ್ಟ್ 15ಕ್ಕೆ. ಅದರಲ್ಲಿ ನಮ್ಮ ಬಿಜಾಪುರದ ಗೋಲಗುಂಬಜ್ ಕೂಡ ಇತ್ತು. ನಾಣ್ಯದ ಮೇಲಿನ ರಾಜನ ತಲೆ ಹೋಗಿ ಅಶೋಕನ ಸಿಂಹಗಳು ಬಂದಿದ್ದು 1950ರಲ್ಲಿ. ಕಾನೂನಿನ ಪ್ರಕಾರವೂ ಹಾಗೇ. 1950ರ ಜನವರಿ 26ರವರೆಗೆ ನಾವು ಡೊಮಿನಿಯನ್. ಕೆನಡಾದವರ ಹಳೆಯ ಹಬ್ಬದ ಹೆಸರಿನಲ್ಲಿದ್ದ ಅದೇ ಪದ! ಮೌಂಟ್‌ಬ್ಯಾಟನ್ ಆದಮೇಲೆ ನಮ್ಮ ರಾಜಾಜಿಯವರು ಗವರ್ನರ್ ಜನರಲ್ ಆಗಿದ್ದರಲ್ಲ, ಅದು ಆ ರಾಜನ ಪ್ರತಿನಿಧಿಯ ಹುದ್ದೆ.

ಇದು ಇಡೀ ದೇಶದ ಮಾತಾಯಿತು. ನಮ್ಮೂರಿನ ಕಥೆ ಇನ್ನೂ ಬೇರೆ.

ದಾವಣಗೆರೆ, ಚಿತ್ರದುರ್ಗ ಎರಡೂ ಮೈಸೂರು ಸಂಸ್ಥಾನದಲ್ಲಿದ್ದವು. ಮಹಾರಾಜರು 1947ರ ಆಗಸ್ಟ್ 9ರಂದು ಭಾರತಕ್ಕೆ ಸೇರುವ ಕಾಗದಕ್ಕೆ ಸಹಿ ಹಾಕಿದ್ದರು. ಆದರೆ ಭಾರತ ಸರ್ಕಾರಕ್ಕೆ ಕೊಟ್ಟಿದ್ದು ಮೂರೇ ವಿಷಯ. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. (ನಮ್ಮ ಅಂಚೆ ಮಾತ್ರ ಎಲ್ಲಕ್ಕಿಂತ ಮುಂಚೆಯೇ ಹೋಗಿತ್ತು. ಮೈಸೂರು ಅಂಚೆಯನ್ನು 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರಿಸಿದ್ದರು.) ಮಿಕ್ಕಿದ್ದೆಲ್ಲ, ಅಂದರೆ ಪೊಲೀಸು, ಕಂದಾಯ, ಶಾಲೆ, ಜೈಲು, ಇವೆಲ್ಲ ದಿವಾನರ ಸರ್ಕಾರದ ಕೈಲಿ. ಜನ ಆರಿಸಿದ ಸರ್ಕಾರ ಬೇಕು ಅಂತ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ‘ಆರ್ಕಾಟ್ ಬಾಯ್ಕಾಟ್’ ಅಂತ ಊರೂರಲ್ಲಿ ಕೂಗಿದ್ದೇ ಕೂಗಿದ್ದು.

ಅಪ್ಪನಿಗೆ ಆಗ ಹದಿನೈದು. ಆಗಸ್ಟ್ 15ರಂದು ಅವರೂ ಬಾವುಟ ಹಿಡಿದು ಕುಣಿದಿದ್ದರು. ನಮ್ಮಜ್ಜಿ ಮನೆ ಮುಂದೆ ಬಂದವರಿಗೆಲ್ಲ ಬೆಲ್ಲದ ಪಾನಕ ಕೊಟ್ಟಿದ್ದರಂತೆ. ಆಮೇಲೆ ಒಂದು ತಿಂಗಳಿಗೇ ಅಪ್ಪ ಕ್ಲಾಸು ಬಿಟ್ಟು ಮೆರವಣಿಗೆಗೆ ಹೋದರು. ಲಾಠಿ ಬೀಸಿದರು. ಬಲ ಮೊಣಕೈಗೆ ಒಂದು ಏಟು ಬಿತ್ತು. ಆ ಕೈ ಪೂರ್ತಿ ಚಾಚಲು ಅವರಿಗೆ ಕೊನೆಯವರೆಗೂ ಆಗುತ್ತಿರಲಿಲ್ಲ. ಆ ರಾತ್ರಿ ಒಂದು ಹತ್ತಿ ಗೋದಾಮಿನಲ್ಲಿ ಅಂಡಿಗೆಗಳ ನಡುವೆ ಮಲಗಿದ್ದರು. ಹುಡುಗರನ್ನೂ ಹಿಡಿದು ಜೈಲಿಗೆ ಹಾಕುತ್ತಿದ್ದಾರೆ ಅಂತ ಸುದ್ದಿ ಬಂದಾಗ ಅಜ್ಜಿ ಗಟ್ಟಿ ಮನಸ್ಸು ಮಾಡಿದರು. ಒಂದು ಬಟ್ಟೆಯಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟು, ‘ನಿನ್ನ ಸೋದರಮಾವನ ಊರಿಗೆ ಹೋಗಿಬಿಡು’ ಅಂದರು.

ನಮ್ಮ ಕಡೆಯವರಿಗೆ ಹರಿಹರ ಗೊತ್ತಲ್ಲ. ದಾವಣಗೆರೆಯಿಂದ 14 ಕಿ.ಮೀ. ತುಂಗಭದ್ರೆಗೆ ಹಳೆಯ ಕಲ್ಲಿನ ಸೇತುವೆ. ಈ ದಡ ಮೈಸೂರು ಸಂಸ್ಥಾನ. ಆ ದಡ ರಾಣೆಬೆನ್ನೂರು ತಾಲ್ಲೂಕು, ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಅಂದರೆ ಆ ದಡದಲ್ಲಿ ಆಗಸ್ಟ್ 15ಕ್ಕೆ ಬ್ರಿಟಿಷರ ಆಳ್ವಿಕೆ ಹೋಗಿ ಜನರ ಮಂತ್ರಿಗಳ ಆಳ್ವಿಕೆ ಇತ್ತು. ಸೇತುವೆ ದಾಟಿದವರನ್ನು ಮೈಸೂರು ಪೊಲೀಸರು ಮುಟ್ಟುವ ಹಾಗಿರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಕಾವಲಿದೆ ಅಂತ ಅಪ್ಪ ರೈಲು ಹತ್ತಲಿಲ್ಲ. ಜೋಳದ ಚೀಲದ ಎತ್ತಿನ ಗಾಡಿಯಲ್ಲಿ ಹರಿಹರದವರೆಗೆ ಹೋಗಿ, ನಸುಕಿನಲ್ಲಿ ನಡೆದೇ ಸೇತುವೆ ದಾಟಿದರು. ಮಳೆಗಾಲ ಮುಗಿಯುವ ಹೊತ್ತು, ಹೊಳೆ ತುಂಬಿ ಹರಿಯುತ್ತಿತ್ತು. ಆ ತುದಿಯಲ್ಲಿ ಒಂದು ಚಹಾದ ಗುಡಿಸಲು. ಗುಡಿಸಲಿನ ಗಳಕ್ಕೆ ಬಾವುಟ ಕಟ್ಟಿದ್ದರು. ಮಳೆಗೆ ನೆನೆದು ಗಳಕ್ಕೇ ಅಂಟಿಕೊಂಡಿತ್ತು. ಆ ಚಹಾದವನು ಅಪ್ಪನ ಕೈ ನೋಡಿ, ಏನೂ ಕೇಳದೆ, ಬಿಸಿ ಚಹಾ ಕೊಟ್ಟು, ‘ಇನ್ನ ಅಂಜಬ್ಯಾಡ ತಮ್ಮಾ, ದಾಟಿ ಬಂದಿ’ ಅಂದನಂತೆ. ಈ ಮಾತು ಹೇಳುವಾಗ ಪ್ರತಿ ಸಲವೂ ಅಪ್ಪನ ಗಂಟಲು ಕಟ್ಟುತ್ತಿತ್ತು.

ಅಕ್ಟೋಬರ್‌ನಲ್ಲಿ ಮಹಾರಾಜರಿಗೂ ಕಾಂಗ್ರೆಸ್ಸಿಗೂ ಒಪ್ಪಂದವಾಯಿತು. ಆ ತಿಂಗಳ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅಪ್ಪ ಊರಿಗೆ ವಾಪಸ್ ಬಂದಿದ್ದು ಆಗ, ಅದೂ ಹಾಡುಹಗಲೇ ರೈಲಿನಲ್ಲಿ. ನನ್ನ ಮೊಮ್ಮಗ ಬರೆದ ಸಾಲು ಇದೇ. ಕೆಂಪು ಗೆರೆ ಬಿದ್ದಿದ್ದೂ ಇದಕ್ಕೇ.

ಮೇಷ್ಟ್ರು ಹೇಳಿದ ಗೊಂದಲದ ವಿಷಯಕ್ಕೆ ಬರುತ್ತೇನೆ. ಹುಡುಗನಿಗೆ ಒಂದು ಚೂರೂ ಗೊಂದಲ ಆಗಲಿಲ್ಲ. ಅವನು ಕೇಳಿದ ಪ್ರಶ್ನೆ ಏನು ಗೊತ್ತಾ? ‘ಅಜ್ಜಿ, ಹಾಗಾದ್ರೆ ಮುತ್ತಜ್ಜ ಆಗಸ್ಟ್ 15ಕ್ಕೆ ಸುಮ್ನೆ ಖುಷಿ ಪಟ್ರಾ?’ ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ? ಸುಮ್ನೆ ಅಲ್ಲ ಮಗಾ ಅಂದೆ. ಆ ದಿನ ಬಾವುಟ ಹಿಡಿದಿದ್ದಕ್ಕೇ ಮುಂದಿನ ತಿಂಗಳು ಬೀದಿಗಿಳಿಯುವ ಧೈರ್ಯ ಬಂತು. ಅವನಿಗೆ ಅರ್ಥವಾಯಿತು. ಹನ್ನೆರಡು ವರ್ಷದ ಹುಡುಗನಿಗೆ ಅರ್ಥವಾಗುವುದನ್ನು ನಾವು ಯಾಕೆ ಮುಚ್ಚಿಡಬೇಕು?

ಈ ಸುತ್ತಮುತ್ತ ಹೇಳಲು ಎಷ್ಟೊಂದು ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿತ್ರದುರ್ಗದ ಕಡೆ ಇದ್ದೆ. ತುರುವನೂರಿನ ಹಿರಿಯರು ಪಿಂಚಣಿ ಹಣಕ್ಕೆ ಬಂದಾಗ 1939ರ ಸತ್ಯಾಗ್ರಹದ ಕಥೆ ಹೇಳುತ್ತಿದ್ದರು. ಹೆಂಡಕ್ಕಾಗಿ ಬೆಳೆಸಿದ್ದ ಈಚಲು ಮರಗಳನ್ನು ಕಡಿದು ಜೈಲಿಗೆ ಹೋದವರು ಅವರು. ಆ ಹೋರಾಟದಲ್ಲಿದ್ದ ಎಸ್. ನಿಜಲಿಂಗಪ್ಪನವರೇ ಮುಂದೆ 1956ರ ನವೆಂಬರ್ 1ರಂದು ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ದಾವಣಗೆರೆಯಲ್ಲಿ 1942ರಲ್ಲಿ ಗೋಲಿಬಾರ್ ಆಯಿತು, ಜನ ಸತ್ತರು. ಅವರ ನೆನಪಿಗೆ ಊರಲ್ಲಿ ಸ್ಮಾರಕ ಇದೆ. ನಮ್ಮ ಶಾಲೆಗಳ ಎಷ್ಟು ಮಕ್ಕಳು ಅದರ ಮುಂದೆ ಒಮ್ಮೆಯಾದರೂ ನಿಂತಿದ್ದಾರೆ? ಆ ಯುದ್ಧ ನಡೆದು ನೂರು ವರ್ಷ ದಾಟಿದರೂ ಆ ನ್ಯೂಫೌಂಡ್‌ಲ್ಯಾಂಡಿನ ಹೆಂಗಸು ಎದೆಗೆ ನೀಲಿ ಹೂವು ಚುಚ್ಚಿಕೊಳ್ಳುತ್ತಾರೆ.

ಹರಪನಹಳ್ಳಿಯನ್ನೇ ತೆಗೆದುಕೊಳ್ಳಿ. ಸ್ವಾತಂತ್ರ್ಯ ಬಂದಾಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ನಮ್ಮ ದಾವಣಗೆರೆ ಜಿಲ್ಲೆಗೆ ಸೇರಿತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅದರ ಪಿನ್‌ಕೋಡ್ ಮಾತ್ರ ಮೊದಲಿನಿಂದಲೂ ಬಳ್ಳಾರಿ ಕಡೆಯ 583ರದ್ದೇ. ಅಂದರೆ ಈಗ ಒಂದು ತಾಸಿನಲ್ಲಿ ಓಡಾಡುವ ಜಾಗದಲ್ಲಿ ಆಗ ಮೂರು ಸರ್ಕಾರ ಇದ್ದವು. ಹರಿಹರ ಮೈಸೂರಿನದು, ಹೊಳೆಯಾಚೆ ಮುಂಬೈಯದು, ಹರಪನಹಳ್ಳಿ ಮದ್ರಾಸಿನದು. ಎಲ್ಲ ಕಡೆಯೂ ಮನೆಯಲ್ಲಿ ಆಡುತ್ತಿದ್ದುದು ಕನ್ನಡವೇ. ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ರಾಯಚೂರು, ಬೀದರ್ ಕಡೆಯವರಂತೂ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಅವರು ಆ ದಿನವನ್ನು ಇವತ್ತಿಗೂ ಬಾವುಟ ಹಾರಿಸಿ ನೆನೆಯುತ್ತಾರೆ. ಅಲ್ಲಿನ ಮಕ್ಕಳಿಗೆ ಎರಡು ತಾರೀಖು ನೆನಪಿಡಲು ಕಷ್ಟವಾಗುತ್ತಿಲ್ಲ. ನಮ್ಮ ಮಕ್ಕಳಿಗೆ ಯಾಕೆ ಆಗುತ್ತೆ?

ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಸ್ವಾತಂತ್ರ್ಯದ ಚಿನ್ನದ ಹಬ್ಬದ ದಿನವೇ. ನಾನು ಆಗ ಕೌಂಟರಿನಲ್ಲಿದ್ದೆ. ಅದಾಗಿ ಎಷ್ಟೋ ವರ್ಷ ಜನ ಲಕೋಟೆಯ ಮೇಲೆ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಅಂತಲೇ ಬರೆಯುತ್ತಿದ್ದರು. ಒಬ್ಬ ಅಜ್ಜ ಮನಿಯಾರ್ಡರ್ ಫಾರಂ ಮೇಲೆ ‘ಮೈಸೂರು ಸಂಸ್ಥಾನ’ ಅಂತ ಬರೆದಿದ್ದ. ನಾನು ಅದನ್ನು ಹೊಡೆದುಹಾಕಲಿಲ್ಲ. ಪಿನ್ ಸರಿ ಇತ್ತು, ದುಡ್ಡು ಸರಿಯಾದ ಮನೆಗೇ ಹೋಯಿತು.

ನನ್ನ ಬೇಡಿಕೆ ದೊಡ್ಡದೇನೂ ಇಲ್ಲ. ಶಾಲೆಗಳಲ್ಲಿ ಆಗಸ್ಟ್ 15ರ ಭಾಷಣಕ್ಕೆ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದದ್ದನ್ನು ಹೇಳಲು ಬಿಡಿ. ತಾರೀಖು ಬೇರೆ ಇದ್ದರೆ ಗೆರೆ ಎಳೆಯುವ ಮುಂಚೆ ಒಂದು ಸಲ ಕೇಳಿ. ಧ್ವಜ ಏರಿಸಿ ಸಿಹಿ ಹಂಚಿದ ಮೇಲೆ ಮಕ್ಕಳನ್ನು ಹುತಾತ್ಮರ ಸ್ಮಾರಕಕ್ಕೆ ಕರೆದುಕೊಂಡು ಹೋಗಿ. ಅರ್ಧ ಗಂಟೆ ಸಾಕು. ಹರಿಹರದ ಶಾಲೆಗಳವರು ಮಕ್ಕಳನ್ನು ಸೇತುವೆಯ ಹತ್ತಿರ ನಿಲ್ಲಿಸಿ, ಈ ದಡ ಯಾವುದು, ಆ ದಡ ಯಾವುದು ಅಂತ ತೋರಿಸಿ. ಆ ದಿನಗಳನ್ನು ಕಂಡವರು ಈಗ ಬೆರಳೆಣಿಕೆಯಷ್ಟು. ಆಗ ಹತ್ತು ವರ್ಷದವರಾಗಿದ್ದವರೂ ಈಗ ತೊಂಬತ್ತರ ಆಸುಪಾಸಿನಲ್ಲಿರಬಹುದು. ನಿಮ್ಮ ಪತ್ರಿಕೆ ಈ ತಿಂಗಳು ಅಂಥವರ ಮನೆಗಳಿಗೆ ವರದಿಗಾರರನ್ನು ಕಳಿಸಿದರೆ ತುಂಬಾ ಉಪಕಾರವಾಗುತ್ತದೆ. ನನ್ನ ಅಪ್ಪನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ಚಹಾದ ಗುಡಿಸಲು ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸುತ್ತಿದ್ದರು.

ಮೇಷ್ಟ್ರ ಜೊತೆ ನಿನ್ನೆ ಮತ್ತೆ ಮಾತಾಡಿದೆ. ಲಕೋಟೆ ನೋಡಬೇಕು, ಹುಡುಗನ ಕೈಲಿ ಕಳಿಸಿ ಅಂದಿದ್ದಾರೆ. ಅದರ ಫೋಟೋವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೂಲವನ್ನು ನಿಮಗೆ ಕಳಿಸಲು ಆಗುವುದಿಲ್ಲ, ಕ್ಷಮಿಸಿ. ಸೋಮವಾರ ಅದು ಶಾಲೆಗೆ ಹೋಗಬೇಕು. ಇಲಿ ತಿಂದ ಅಂಚು ಉದುರದ ಹಾಗೆ ಎರಡು ಕಾರ್ಡ್‌ಬೋರ್ಡ್ ನಡುವೆ ಇಟ್ಟು ದಾರ ಕಟ್ಟಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಅಂಚೆ ಸಹಾಯಕಿ
ವಿದ್ಯಾನಗರ, ದಾವಣಗೆರೆ